ರಕ್ತ ಬೇಡವೆಂದವರಿಗೆ ಚಿಕಿತ್ಸೆ

ಬ್ಯಾಂಕಿನ ಕೆಲಸದಲ್ಲಿರುವವನಿಗೆ ಸಾಕ್ಷಿಯ ಸಹಿ ಹಾಕುವುದು ದಿನನಿತ್ಯದ ಮಾತು. ಸಾಲಪತ್ರ, ಜಾಮೀನುಪತ್ರ, ನಾಮನಿರ್ದೇಶನ ಪತ್ರ ಹೀಗೆ ಎಷ್ಟೋ ಕಾಗದಗಳ ಅಡಿಯಲ್ಲಿ ನನ್ನ ಹೆಸರು ಬಿದ್ದಿದೆ. ಆದರೆ ಕೆಲವು ವರ್ಷಗಳ ಹಿಂದೆ ಮುಂಬಯಿಯ ನಮ್ಮ ಶಾಖೆಯಲ್ಲಿ ನನ್ನೊಡನೆ ದುಡಿಯುತ್ತಿದ್ದ ಕೇರಳದ ಮಿತ್ರರೊಬ್ಬರು ಊಟದ ವಿರಾಮದಲ್ಲಿ ನನ್ನ ಮೇಜಿನ ಮೇಲೆ ಇಟ್ಟ ಕಾಗದವನ್ನು ಓದಿದಾಗ ಕೈಯಲ್ಲಿದ್ದ ಲೇಖನಿ ಹಾಗೆಯೇ ನಿಂತಿತು. ತನಗೆ ಪ್ರಜ್ಞೆ ಇರಲಿ ಇಲ್ಲದಿರಲಿ, ಪ್ರಾಣಕ್ಕೆ ಅಪಾಯವಿದೆಯೆಂದು ವೈದ್ಯರೇ ಹೇಳಲಿ, ತನ್ನ ದೇಹಕ್ಕೆ ಪರರ ರಕ್ತವನ್ನು ಏರಿಸಕೂಡದು ಎಂಬುದು ಅದರ ಸಾರಾಂಶ.

"ಏನು ಸಾರ್ ಇದು, ಜೀವದ ಮೇಲೆ ಆಸೆಯಿಲ್ಲವೇ?" ಎಂದು ಕೇಳಿದೆ. ಅವರು ನಕ್ಕು, "ಆಸೆಯಿಲ್ಲದಿದ್ದರೆ ಈ ಕಾಗದವನ್ನೇ ಬರೆಯುತ್ತಿರಲಿಲ್ಲ. ಚಿಕಿತ್ಸೆ ಬೇಡವೆಂದು ನಾನು ಹೇಳಿಲ್ಲ, ರಕ್ತ ಬೇಡವೆಂದಿದ್ದೇನೆ, ಅಷ್ಟೇ" ಎಂದರು. ಸಾಕ್ಷಿ ಹಾಕುವವನು ಸಹಿಗೆ ಸಾಕ್ಷಿಯೇ ಹೊರತು ಒಳಗಿನ ಬರಹಕ್ಕೆ ಹೊಣೆಗಾರನಲ್ಲ ಎಂಬ ನಮ್ಮ ವೃತ್ತಿಯ ನ್ಯಾಯವನ್ನು ನೆನೆದು ನಾನು ಸಹಿ ಹಾಕಿದೆ.

ಮೂರು ವರ್ಷಗಳ ತರುವಾಯ ಒಂದು ರಾತ್ರಿ ಅವರ ಜಠರದ ಹುಣ್ಣಿನಿಂದ ರಕ್ತಸ್ರಾವವಾಗಿ ರಕ್ತವಾಂತಿಯಾಯಿತು. ಅವರ ಪತ್ನಿಯ ಕರೆ ಬಂದು ನಾನು ಓಡಿಹೋದಾಗ ಅವರನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ ಒಂದೇ ಮಾತು: "ರಕ್ತ ಕೊಡಲು ಒಪ್ಪಿಗೆ ಬರೆದುಕೊಡಿ, ಇಲ್ಲವಾದರೆ ಬೇರೆ ಕಡೆಗೆ ಕರೆದೊಯ್ಯಿರಿ." ಈ ವಾದವಿವಾದದಲ್ಲಿಯೇ ಎರಡು ಗಂಟೆ ಕಳೆಯಿತು. ಒಳಗೆ ರಕ್ತ ಸೋರುತ್ತಲೇ ಇತ್ತು.

ಆ ಎರಡು ಗಂಟೆಗಳು ಕಲಿಸಿದ ಪಾಠವೇ ಈ ಲೇಖನಕ್ಕೆ ಮೂಲ. ರಕ್ತವನ್ನು ಒಲ್ಲದವರಿಗೂ ವೈದ್ಯರು ಮಾಡಬಹುದಾದುದು ಬಹಳವಿದೆ. ಆದರೆ ಅದೆಲ್ಲವೂ ಬೇಗನೆ ಆರಂಭವಾದಾಗ ಮಾತ್ರ ಫಲ ಕೊಡುವಂಥದು. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಜಮಾಖರ್ಚಿನ ನಡುವೆ ಬಾಳುತ್ತಿರುವವನು. ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇನೆ.

ಅವರು ಯಾರು? ಬೇಡವೆನ್ನುವುದು ಏನನ್ನು?

ನನ್ನ ಮಿತ್ರರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಚಾರ್ಲ್ಸ್ ಟೇಜ್ ರಸೆಲ್ ನಡೆಸಿದ ಬೈಬಲ್ ಅಧ್ಯಯನ ಕೂಟಗಳಿಂದ ಹುಟ್ಟಿದ ಈ ಪಂಥ 1931ರಲ್ಲಿ ಈಗಿನ ಹೆಸರನ್ನು ತಳೆಯಿತು. ಇಂದು ಜಗತ್ತಿನಲ್ಲಿ ಇದರ ಅನುಯಾಯಿಗಳು 80 ಲಕ್ಷಕ್ಕೂ ಮೇಲ್ಪಟ್ಟಿದ್ದಾರೆ. ನಮ್ಮ ದೇಶದಲ್ಲಿ ಇವರ ಹೆಸರು ಬಹುಮಂದಿಗೆ ಪರಿಚಿತವಾದುದು 1986ರಲ್ಲಿ. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ಹಾಡಲೊಲ್ಲದೆ ಶಾಲೆಯಿಂದ ಹೊರಹಾಕಲ್ಪಟ್ಟ ಕೇರಳದ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ಆ ವರ್ಷ ತೀರ್ಪು ನೀಡಿತು.

ಬೈಬಲಿನ ಆದಿಕಾಂಡ, ಯಾಜಕಕಾಂಡ ಹಾಗೂ ಅಪೊಸ್ತಲರ ಕೃತ್ಯಗಳಲ್ಲಿ ರಕ್ತವನ್ನು ವರ್ಜಿಸಬೇಕೆಂಬ ವಿಧಿಗಳಿವೆ. ರಕ್ತವೆಂದರೆ ಜೀವ, ಅದು ದೇವರಿಗೆ ಸೇರಿದ್ದು ಎಂಬುದು ಅವುಗಳ ತಿರುಳು. ಈ ವಿಧಿ ರಕ್ತಪೂರಣಕ್ಕೂ ಅನ್ವಯಿಸುತ್ತದೆಂದು 1945ರಿಂದ ಈ ಪಂಥ ಬೋಧಿಸುತ್ತ ಬಂದಿದೆ. ಈ ನಂಬಿಕೆಯ ಸರಿತಪ್ಪುಗಳ ವಿಮರ್ಶೆ ನನ್ನ ಉದ್ದೇಶವಲ್ಲ. ಏಕಾದಶಿಯಂದು ಔಷಧವನ್ನೂ ಮುಟ್ಟದ ಅಜ್ಜಿಯರನ್ನು, ಎಷ್ಟೇ ನಿಶ್ಶಕ್ತಿಯಾದರೂ ಮಾಂಸದ ಸಾರು ಒಲ್ಲೆನೆಂದ ಹಿರಿಯರನ್ನು ನಮ್ಮ ಮನೆಗಳಲ್ಲಿಯೇ ಕಂಡಿದ್ದೇವೆ.

ಆದರೆ ಅವರು ನಿರಾಕರಿಸುವುದು ಯಾವುದನ್ನು ಎಂಬುದನ್ನು ಖಚಿತವಾಗಿ ಅರಿಯುವುದು ಅಗತ್ಯ. ಇಡಿಯ ರಕ್ತ, ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಇವನ್ನು ಅವರು ಪರರಿಂದ ಸ್ವೀಕರಿಸುವುದಿಲ್ಲ. ಆಲ್ಬುಮಿನ್, ಇಮ್ಯುನೋಗ್ಲಾಬ್ಯುಲಿನ್, ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಮೊದಲಾದ ಸೂಕ್ಷ್ಮ ಘಟಕಗಳನ್ನು ಸ್ವೀಕರಿಸುವುದು ಬಿಡುವುದು ಆಯಾ ವ್ಯಕ್ತಿಯ ಮನಸ್ಸಾಕ್ಷಿಗೆ ಬಿಟ್ಟದ್ದು. ತನ್ನದೇ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಮರಳಿ ಪಡೆಯುವ ಡಯಾಲಿಸಿಸ್, ಹೃದಯ-ಶ್ವಾಸಕೋಶ ಯಂತ್ರ ಮೊದಲಾದವುಗಳಿಗೆ ಅನೇಕರು ಒಪ್ಪುತ್ತಾರೆ. ಲವಣ ದ್ರಾವಣ, ಔಷಧ, ಶಸ್ತ್ರಚಿಕಿತ್ಸೆ ಯಾವುದಕ್ಕೂ ಅಡ್ಡಿಯಿಲ್ಲ. ಒಬ್ಬೊಬ್ಬರ ಒಪ್ಪಿಗೆ ಒಂದೊಂದು ಬಗೆಯಾದ್ದರಿಂದ, ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ಕೇಳಿ ಬರೆದುಕೊಳ್ಳುವುದು ವೈದ್ಯರ ಮೊದಲ ಕರ್ತವ್ಯ.

ರಕ್ತದ ಜಮಾಖರ್ಚು

ವಯಸ್ಕನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಅದರ ಕೆಲಸಗಳಲ್ಲಿ ಮುಖ್ಯವಾದವು ಎರಡು. ರಕ್ತನಾಳಗಳನ್ನು ತುಂಬಿಕೊಂಡು ಹೃದಯಕ್ಕೆ ತಳ್ಳಲು ದ್ರವ ಒದಗಿಸುವುದು ಒಂದು. ಆಮ್ಲಜನಕವನ್ನು ಹೊತ್ತು ಅಂಗಾಂಗಗಳಿಗೆ ಮುಟ್ಟಿಸುವುದು ಇನ್ನೊಂದು. ಮೊದಲನೆಯದನ್ನು ಲವಣ ದ್ರಾವಣವೂ ತಕ್ಕಮಟ್ಟಿಗೆ ನೆರವೇರಿಸಬಲ್ಲುದು. ಎರಡನೆಯದು ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ನಿನ ಕೆಲಸ. ತೊಡಕು ಇರುವುದು ಇಲ್ಲಿಯೇ.

ಆರೋಗ್ಯವಂತನ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಅದು ಸುಮಾರು 20 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ವಿಶ್ರಾಂತಿಯಲ್ಲಿರುವಾಗ ಹೃದಯ ನಿಮಿಷಕ್ಕೆ 5 ಲೀಟರ್ ರಕ್ತವನ್ನು ತಳ್ಳುವುದರಿಂದ ಅಂಗಾಂಗಗಳಿಗೆ ನಿಮಿಷಕ್ಕೆ ಸುಮಾರು 1,000 ಮಿಲಿಲೀಟರ್ ಆಮ್ಲಜನಕ ತಲುಪುತ್ತದೆ. ಅವು ಬಳಸುವುದು ಸುಮಾರು 250 ಮಾತ್ರ. ಜಮೆ 1,000, ಖರ್ಚು 250. ಉಳಿದ 750 ಸೃಷ್ಟಿಕರ್ತನು ಕಷ್ಟಕಾಲಕ್ಕೆಂದು ಇರಿಸಿದ ಮೀಸಲು ನಿಧಿ ಎನ್ನಬಹುದು.

ರಕ್ತ ನಷ್ಟವಾದಾಗ ದೇಹ ಈ ನಿಧಿಗೆ ಕೈಹಾಕುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ. ಅಂಗಗಳು ಹಾದುಹೋಗುವ ರಕ್ತದಿಂದ ಹೆಚ್ಚಿನ ಪಾಲು ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ವಿಶ್ರಾಂತಿಯಲ್ಲಿದ್ದ 32 ಮಂದಿ ಆರೋಗ್ಯವಂತರ ರಕ್ತವನ್ನು ತೆಗೆದು, ಅದಕ್ಕೆ ಬದಲಾಗಿ ದ್ರವ ತುಂಬಿ, ಹಿಮೋಗ್ಲೋಬಿನನ್ನು 5 ಗ್ರಾಂಗೆ ಇಳಿಸಿದರೂ ಅವರ ಅಂಗಾಂಗಗಳಿಗೆ ಆಮ್ಲಜನಕದ ಕೊರತೆಯಾದ ಲಕ್ಷಣ ಕಂಡುಬರಲಿಲ್ಲ. ಆದರೆ ಅವರು ಆರೋಗ್ಯವಂತರು. ದ್ರವದ ಪ್ರಮಾಣ ಕುಗ್ಗದಂತೆ ನೋಡಿಕೊಳ್ಳಲಾಗಿತ್ತು. ಹೃದ್ರೋಗಿಗೆ, ವೃದ್ಧರಿಗೆ, ರಕ್ತ ಇನ್ನೂ ಸೋರುತ್ತಿರುವವರಿಗೆ ಇಷ್ಟು ಮೀಸಲು ಇರುವುದಿಲ್ಲ.

ಹೊರಗಿನಿಂದ ಕಣಗಳ ಠೇವಣಿ ಬರುವಂತಿಲ್ಲ ಎಂದಮೇಲೆ ವೈದ್ಯರಿಗೆ ಉಳಿಯುವ ದಾರಿ ಮೂರು: ಸೋರಿಕೆಯನ್ನು ತಡೆಯುವುದು, ಖರ್ಚನ್ನು ಕಡಿಮೆ ಮಾಡುವುದು, ದೇಹವೇ ಹೊಸ ರಕ್ತವನ್ನು ಗಳಿಸುವಂತೆ ಮಾಡುವುದು.

ಮೊದಲ ಕೆಲಸ: ಸೋರಿಕೆಯ ತಡೆ

ಬೇರೆ ರೋಗಿಯಾದರೆ ಒಂದೆರಡು ಬಾಟಲಿ ರಕ್ತ ಕೊಟ್ಟು, ಬೆಳಗಿನವರೆಗೆ ಕಾದು ನೋಡಬಹುದು. ಇಲ್ಲಿ ಕಾಯುವಂತಿಲ್ಲ. ಹೊರಗಿನ ಗಾಯವಾದರೆ ಗಟ್ಟಿಯಾಗಿ ಒತ್ತಿಹಿಡಿಯುವುದು, ಕೈಕಾಲಿನ ಗಾಯಕ್ಕೆ ಅಗತ್ಯವಾದರೆ ರಕ್ತಬಂಧಕ ಪಟ್ಟಿ ಬಿಗಿಯುವುದು; ಜಠರದ ಹುಣ್ಣಾದರೆ ಕೂಡಲೇ ಎಂಡೋಸ್ಕೋಪಿಯಿಂದ ರಕ್ತನಾಳವನ್ನು ಮುಚ್ಚುವುದು; ಹೊಟ್ಟೆಯೊಳಗೆ ಪೆಟ್ಟಾಗಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ ನಡೆಸುವುದು, ಇಲ್ಲವೆ ಕ್ಷಕಿರಣದ ನೆರವಿನಿಂದ ನಳಿಕೆಯನ್ನು ತೂರಿಸಿ ಸೋರುವ ನಾಳವನ್ನು ಒಳಗಿನಿಂದಲೇ ಅಡ್ಡಗಟ್ಟುವುದು. ಅನುಭವೀ ಶಸ್ತ್ರವೈದ್ಯರನ್ನು ಕೊನೆಗಲ್ಲ, ಮೊದಲೇ ಕರೆಯಬೇಕು.

ಹೆಪ್ಪುಗಟ್ಟಿದ ರಕ್ತ ಕರಗಿಹೋಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧವಿದೆ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ 1962ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಇದು ರಕ್ತದಿಂದ ತಯಾರಾದುದಲ್ಲ, ಬೆಲೆಯೂ ಹೆಚ್ಚಲ್ಲ. ಭಾರತವೂ ಸೇರಿದಂತೆ 40 ದೇಶಗಳ 20,211 ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದಲ್ಲಿ ಈ ಔಷಧ ಪಡೆದವರ ಸಾವಿನ ಪ್ರಮಾಣ ಶೇಕಡಾ 14.5, ಪಡೆಯದವರದು ಶೇಕಡಾ 16. ಆದರೆ ಗಾಯವಾದ 3 ಗಂಟೆಗಳೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಅನಂತರ ಕೊಟ್ಟರೆ ಹಾನಿಯೇ ಆಗಬಹುದು. ಎಲ್ಲ ರಕ್ತಸ್ರಾವಕ್ಕೂ ಇದು ರಾಮಬಾಣವೂ ಅಲ್ಲ. ಜಠರ ಮತ್ತು ಕರುಳಿನ ರಕ್ತಸ್ರಾವದಲ್ಲಿ ಇದರಿಂದ ಸಾವು ಕಡಿಮೆಯಾಗಲಿಲ್ಲವೆಂದು 12,009 ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ 2020ರಲ್ಲಿ ತಿಳಿಸಿತು.

ರಕ್ತ ತೆಳುವಾಗಿಸುವ ಮಾತ್ರೆಗಳನ್ನು ರೋಗಿ ಸೇವಿಸುತ್ತಿದ್ದರೆ ಅವನ್ನು ನಿಲ್ಲಿಸಿ, ವಾರ್ಫರಿನ್ ಆಗಿದ್ದರೆ ವಿಟಮಿನ್ ಕೆ ಕೊಡುತ್ತಾರೆ. ಲವಣ ದ್ರಾವಣವನ್ನೂ ಅಳೆದು ಕೊಡಬೇಕು. ಅತಿಯಾದರೆ ಉಳಿದಿರುವ ರಕ್ತವೂ ತೆಳುವಾಗಿ, ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ರೋಗಿಯ ಮೈ ತಣ್ಣಗಾಗದಂತೆ ಹೊದಿಸಿ ಬೆಚ್ಚಗಿಡುವುದೂ ಚಿಕಿತ್ಸೆಯೇ, ಏಕೆಂದರೆ ತಣ್ಣಗಾದ ದೇಹದಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ಶಸ್ತ್ರಚಿಕಿತ್ಸೆಯ ವೇಳೆ ಸೋರಿದ ರಕ್ತವನ್ನು ಹೀರಿ, ತೊಳೆದು, ಅದೇ ರೋಗಿಗೆ ಮರಳಿಸುವ 'ಸೆಲ್ ಸೇವರ್' ಎಂಬ ಯಂತ್ರವೂ ಇದೆ. ನಳಿಕೆಯ ಸಂಪರ್ಕ ಕಡಿಯದಂತೆ ಜೋಡಿಸಿದರೆ ಅನೇಕ ಸಾಕ್ಷಿಗಳು ಇದಕ್ಕೆ ಒಪ್ಪುತ್ತಾರೆ.

ಎರಡನೆಯದು: ಖರ್ಚಿನಲ್ಲಿ ಮಿತವ್ಯಯ

ಜ್ವರ, ನೋವು, ನಡುಕ, ಕಳವಳ ಇವೆಲ್ಲವೂ ಆಮ್ಲಜನಕದ ವೆಚ್ಚವನ್ನು ಹೆಚ್ಚಿಸುತ್ತವೆ. ಆದುದರಿಂದ ನೋವನ್ನು ತಣಿಸಿ, ಜ್ವರವನ್ನು ಇಳಿಸಿ, ಪೂರ್ಣ ವಿಶ್ರಾಂತಿಯಲ್ಲಿಡುತ್ತಾರೆ. ಸ್ಥಿತಿ ವಿಷಮಿಸಿದರೆ ರೋಗಿಯನ್ನು ಔಷಧದಿಂದ ಮಲಗಿಸಿ, ಸ್ನಾಯುಗಳನ್ನು ಸಡಿಲಗೊಳಿಸಿ, ಯಂತ್ರದ ಮೂಲಕ ಉಸಿರಾಡಿಸುತ್ತಾರೆ.

ಶುದ್ಧ ಆಮ್ಲಜನಕಕ್ಕೆ ಇಲ್ಲಿ ವಿಶೇಷ ಬೆಲೆಯಿದೆ. ಸಾಮಾನ್ಯ ಗಾಳಿ ಉಸಿರಾಡುವಾಗ 100 ಮಿಲಿಲೀಟರ್ ರಕ್ತದ ದ್ರವಭಾಗದಲ್ಲಿ ಕರಗಿರುವ ಆಮ್ಲಜನಕ 0.3 ಮಿಲಿಲೀಟರ್ ಮಾತ್ರ. ಶುದ್ಧ ಆಮ್ಲಜನಕ ಉಸಿರಾಡಿದರೆ ಅದು ಸುಮಾರು 2ಕ್ಕೆ ಏರುತ್ತದೆ. ಹಿಮೋಗ್ಲೋಬಿನ್ 15 ಇರುವವನಿಗೆ ಈ 2 ಲೆಕ್ಕಕ್ಕೆ ಬಾರದ ಚಿಲ್ಲರೆ. 3ಕ್ಕೆ ಇಳಿದವನ ಹಿಮೋಗ್ಲೋಬಿನ್ ಹೊರುವುದೇ ಸುಮಾರು 4. ಅವನಿಗೆ ಈ 2 ಅಮೂಲ್ಯ. ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಇನ್ನೂ ಹೆಚ್ಚು ಕರಗಿಸಬಹುದು. ಆಮ್‌ಸ್ಟರ್‌ಡ್ಯಾಮ್‌ನ ಶಸ್ತ್ರವೈದ್ಯ ಇಟೆ ಬೋರೆಮಾ, ಅಂಥ ಕೋಣೆಯಲ್ಲಿ ಕೆಂಪು ಕಣಗಳೇ ಇಲ್ಲವೆನ್ನುವಷ್ಟು ರಕ್ತ ತೆಗೆದ ಹಂದಿಮರಿಗಳನ್ನೂ ಬದುಕಿಸಿ ಇಡಬಹುದೆಂಬುದನ್ನು 1960ರಲ್ಲಿ ತೋರಿಸಿದ್ದರು.

ಇನ್ನೊಂದು ದುಂದುವೆಚ್ಚ ಆಸ್ಪತ್ರೆಯೇ ಮಾಡುವಂಥದು. ತೀವ್ರನಿಗಾ ಘಟಕದಲ್ಲಿ ಪರೀಕ್ಷೆಗೆಂದು ದಿನಕ್ಕೆ ಸುಮಾರು 40 ಮಿಲಿಲೀಟರ್ ರಕ್ತ ತೆಗೆಯುವುದುಂಟು. ವಾರಕ್ಕೆ ಕಾಲು ಲೀಟರಿಗೂ ಮಿಗಿಲಾಯಿತು. ರಕ್ತ ಒಲ್ಲದ ರೋಗಿಗೆ ಮಕ್ಕಳಿಗೆ ಬಳಸುವ ಪುಟ್ಟ ಶೀಷೆಗಳಲ್ಲಿ, ತೀರ ಅಗತ್ಯವಾದ ಪರೀಕ್ಷೆಗಷ್ಟೇ ರಕ್ತ ತೆಗೆಯಬೇಕು.

ಮೂರನೆಯದು: ಹೊಸ ರಕ್ತದ ಗಳಿಕೆ

ಕೆಂಪು ಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅದಕ್ಕೆ ಆಜ್ಞೆ ಕೊಡುವುದು ಮೂತ್ರಪಿಂಡಗಳು ಸ್ರವಿಸುವ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು. ಬೇಕಾದ ಕಚ್ಚಾ ಸಾಮಗ್ರಿ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12. ಕೃತಕವಾಗಿ ತಯಾರಾದ ಎರಿಥ್ರೋಪೊಯೆಟಿನ್ 1989ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದು ಈಗ ನಮ್ಮಲ್ಲಿಯೂ ದೊರೆಯುತ್ತದೆ. ಕೆಲವು ತಯಾರಿಕೆಗಳಲ್ಲಿ ಆಲ್ಬುಮಿನ್ ಬೆರೆತಿರುವುದರಿಂದ ರೋಗಿಗೆ ಅದನ್ನು ತಿಳಿಸಿ ಕೊಡಬೇಕು. ಕಬ್ಬಿಣವನ್ನು ಮಾತ್ರೆಯಾಗಿ ಕೊಟ್ಟರೆ ಫಲ ಕಾಣಲು ವಾರಗಳೇ ಬೇಕು. ಈಗ ರಕ್ತನಾಳದ ಮೂಲಕ ಒಂದೇ ಸಲಕ್ಕೆ 1,000 ಮಿಲಿಗ್ರಾಂವರೆಗೆ ಕೊಡಬಲ್ಲ ಔಷಧಗಳಿವೆ.

ಆದರೆ ಈ ಗಳಿಕೆ ನಿಧಾನ. ಹೊಸ ಕಣಗಳು ಕಾಣಿಸಿಕೊಳ್ಳಲು ಮೂರು ನಾಲ್ಕು ದಿನ. ಹಿಮೋಗ್ಲೋಬಿನ್ ಒಂದು ಗ್ರಾಂ ಏರಲು ಸುಮಾರು ಒಂದು ವಾರ. ಹೀಗಾಗಿ ಮೊದಲ ದಿನವೇ ಆರಂಭಿಸಬೇಕು. ಇನ್ನೂ ಮೇಲಾದುದೆಂದರೆ, ಮುಂದಾಗಿ ತಿಳಿದಿರುವ ಶಸ್ತ್ರಚಿಕಿತ್ಸೆಯಾದರೆ ಕೆಲವು ವಾರಗಳ ಮೊದಲೇ ರಕ್ತಹೀನತೆಯನ್ನು ನೀಗಿಸಿಕೊಂಡು ಹೋಗುವುದು. ರಕ್ತದ ಬದಲಿಗೆ ಆಮ್ಲಜನಕ ಹೊರುವ ಕೃತಕ ದ್ರವಗಳಿಗಾಗಿ ದಶಕಗಳಿಂದ ಸಂಶೋಧನೆ ನಡೆದಿದೆ. ದನದ ಹಿಮೋಗ್ಲೋಬಿನ್ನಿನಿಂದ ತಯಾರಾದ ಒಂದು ದ್ರವಕ್ಕೆ ದಕ್ಷಿಣ ಆಫ್ರಿಕಾ 2001ರಲ್ಲಿ ಅನುಮತಿ ಕೊಟ್ಟಿತಾದರೂ, ನಮ್ಮ ಆಸ್ಪತ್ರೆಯಲ್ಲಿ ನೆಚ್ಚಿಕೊಳ್ಳುವಂಥದು ಯಾವುದೂ ಇನ್ನೂ ಬಂದಿಲ್ಲ.

ನನ್ನ ಮಿತ್ರರ ಕಥೆಗೆ ಮರಳುತ್ತೇನೆ. ಎರಡನೆಯ ಆಸ್ಪತ್ರೆಯ ಹಿರಿಯ ವೈದ್ಯರು ಆ ಕಾಗದವನ್ನು ಓದಿ, "ಸರಿ, ರಕ್ತ ಕೊಡುವುದಿಲ್ಲ. ಉಳಿದುದೆಲ್ಲವನ್ನೂ ಈಗಲೇ ಮಾಡೋಣ" ಎಂದರು. ಆ ರಾತ್ರಿಯೇ ಎಂಡೋಸ್ಕೋಪಿ ನಡೆಸಿ, ಸೋರುವ ನಾಳಕ್ಕೆ ಚಿಮಟದಂತಹ ಕ್ಲಿಪ್ಪು ಹಾಕಿದರು. ಆಮ್ಲ ತಗ್ಗಿಸುವ ಔಷಧ, ಆಮ್ಲಜನಕ, ಕಬ್ಬಿಣ, ಎರಿಥ್ರೋಪೊಯೆಟಿನ್ ಎಲ್ಲವೂ ಬೆಳಗಾಗುವಷ್ಟರಲ್ಲಿ ಆರಂಭವಾದುವು. ಮೂರನೆಯ ದಿನ ಹಿಮೋಗ್ಲೋಬಿನ್ 4.8ಕ್ಕೆ ಇಳಿದಿತ್ತು. ಮೂರು ವಾರಗಳ ಬಳಿಕ 8 ದಾಟಿತು. ಬೆನ್ನುನೋವಿಗೆಂದು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದ ನೋವಿನ ಮಾತ್ರೆಗಳೇ ಹುಣ್ಣಿಗೆ ಕಾರಣವೆಂದು ತಿಳಿದುಬಂತು.

ಹೆರಿಗೆಯ ಗಂಡಾಂತರ

ಬಹು ಶೀಘ್ರವಾಗಿ ಪ್ರಾಣ ತೆಗೆಯಬಲ್ಲ ರಕ್ತಸ್ರಾವಗಳಲ್ಲಿ ಪ್ರಸವಾನಂತರದ್ದೂ ಒಂದು. ನೆದರ್‌ಲೆಂಡ್ಸ್ ದೇಶದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೆಹೋವನ ಸಾಕ್ಷಿಗಳಾದ ತಾಯಂದಿರು ಹೆರಿಗೆಯ ಸಂದರ್ಭದಲ್ಲಿ ಸಾಯುವ ಸಂಭವ ಇತರರಿಗಿಂತ 6 ಪಟ್ಟು. ರಕ್ತಸ್ರಾವದಿಂದಲೇ ಸಾಯುವ ಸಂಭವ 130 ಪಟ್ಟು. ಮುಂದುವರಿದ ದೇಶದ ಅಂಕಿ ಇದು. ನಮ್ಮಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿ ರಕ್ತಹೀನರು. ಕೈಯಲ್ಲಿ ಠೇವಣಿಯೇ ಇಲ್ಲದವರಿಗೆ ನಷ್ಟ ತಾಳುವ ಶಕ್ತಿ ಎಲ್ಲಿಂದ ಬರಬೇಕು?

ಆದುದರಿಂದ ಚಿಕಿತ್ಸೆ ಗರ್ಭಿಣಿಯಾದಾಗಿನಿಂದಲೇ ಆರಂಭವಾಗಬೇಕು: ಹಿಮೋಗ್ಲೋಬಿನ್ ಏರಿಸುವುದು, ಮಾಸು ಎಲ್ಲಿದೆಯೆಂದು ಮೊದಲೇ ನೋಡುವುದು, ಎಲ್ಲ ಸೌಕರ್ಯವಿರುವ ಆಸ್ಪತ್ರೆಯಲ್ಲಿ ಹೆರಿಗೆ ಏರ್ಪಡಿಸುವುದು. ರಕ್ತಸ್ರಾವವಾದರೆ ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಮೊದಲಾದ ಔಷಧಗಳು, ಜೊತೆಗೆ ಟ್ರಾನೆಕ್ಸಾಮಿಕ್ ಆಮ್ಲ. 2017ರಲ್ಲಿ ಪ್ರಕಟವಾದ 20,060 ತಾಯಂದಿರ ಅಧ್ಯಯನದಲ್ಲಿ ಈ ಆಮ್ಲದಿಂದ ರಕ್ತಸ್ರಾವದ ಸಾವು ಶೇಕಡಾ 1.9ರಿಂದ 1.5ಕ್ಕೆ ಇಳಿಯಿತು. ಅದಕ್ಕೂ ಜಗ್ಗದಿದ್ದರೆ ಗರ್ಭಕೋಶದೊಳಗೆ ಬಲೂನು ಉಬ್ಬಿಸಿ ಒತ್ತುವುದು. ಢಾಕಾದ ಡಾ. ಸಯೇಬಾ ಅಖ್ತರ್ ಸಾಮಾನ್ಯ ನಿರೋಧವನ್ನೇ ನಳಿಕೆಗೆ ಕಟ್ಟಿ, ಲವಣ ದ್ರಾವಣ ತುಂಬಿ ಬಲೂನಾಗಿಸುವ ಅಗ್ಗದ ವಿಧಾನವನ್ನು 2003ರಲ್ಲಿ ಪ್ರಕಟಿಸಿ ಬಡದೇಶಗಳಿಗೆ ಉಪಕರಿಸಿದರು. ಮುಂದೆ, 1997ರಲ್ಲಿ ಡಾ. ಕ್ರಿಸ್ಟೋಫರ್ ಬಿ-ಲಿಂಚ್ ವಿವರಿಸಿದಂತೆ ಗರ್ಭಕೋಶವನ್ನು ಹೊಲಿಗೆಯಿಂದ ಬಿಗಿಯುವುದು. ಯಾವುದೂ ಸಾಲದಿದ್ದರೆ ಗರ್ಭಕೋಶವನ್ನೇ ತೆಗೆಯುವುದು. ಈ ಕೊನೆಯ ತೀರ್ಮಾನವನ್ನು ರಕ್ತ ಒಲ್ಲದ ತಾಯಿಯ ವಿಷಯದಲ್ಲಿ ಬೇಗನೆ ಕೈಗೊಳ್ಳಬೇಕಾಗುತ್ತದೆ.

ಅಂಕಿಗಳು ಹೇಳುವ ಸತ್ಯ

ಅಮೆರಿಕದ ಹ್ಯೂಸ್ಟನ್ ನಗರದ ಪ್ರಸಿದ್ಧ ಹೃದಯ ಶಸ್ತ್ರವೈದ್ಯ ಡೆಂಟನ್ ಕೂಲಿ 1960ರ ದಶಕದ ಆರಂಭದಲ್ಲಿ ಹೃದಯ-ಶ್ವಾಸಕೋಶ ಯಂತ್ರಕ್ಕೆ ರಕ್ತದ ಬದಲು ಗ್ಲೂಕೋಸ್ ದ್ರಾವಣ ತುಂಬಿ, ಸಾಕ್ಷಿಗಳಿಗೆ ಹೃದಯ ಶಸ್ತ್ರಚಿಕಿತ್ಸೆ ಮಾಡಲಾರಂಭಿಸಿದರು. ರಕ್ತವಿಲ್ಲದೆ ನಡೆದ 542 ಶಸ್ತ್ರಚಿಕಿತ್ಸೆಗಳ ವರದಿಯನ್ನು 1977ರಲ್ಲಿ ಪ್ರಕಟಿಸಿದಾಗ, 30 ದಿನಗಳೊಳಗೆ ಸತ್ತವರು ಶೇಕಡಾ 9.4. ರಕ್ತನಷ್ಟವೇ ನೇರ ಕಾರಣವಾದುದು ಮೂರು ಸಾವುಗಳಲ್ಲಿ. ಇನ್ನು 12ರಲ್ಲಿ ರಕ್ತಹೀನತೆಯೂ ಒಂದು ಕಾರಣವಾಗಿತ್ತು.

ಆದರೆ ಇನ್ನೊಂದು ಪಟ್ಟಿಯನ್ನು ಮರೆಮಾಚಿದರೆ ಓದುಗರಿಗೆ ಮೋಸ ಮಾಡಿದಂತೆ. ರಕ್ತ ಒಲ್ಲೆನೆಂದು, ಶಸ್ತ್ರಚಿಕಿತ್ಸೆಯ ಬಳಿಕ ಹಿಮೋಗ್ಲೋಬಿನ್ 8 ಅಥವಾ ಅದಕ್ಕೂ ಕೆಳಗೆ ಇಳಿದ 300 ರೋಗಿಗಳ ವಿವರ 2002ರಲ್ಲಿ ಪ್ರಕಟವಾಯಿತು. 7ರಿಂದ 8ರ ನಡುವೆ ಇದ್ದವರಲ್ಲಿ ಒಬ್ಬರೂ ಸಾಯಲಿಲ್ಲ. 4ರಿಂದ 5ರ ನಡುವೆ ಇಳಿದವರಲ್ಲಿ ಶೇಕಡಾ 34 ಮಂದಿ, ಅಂದರೆ ಮೂವರಲ್ಲಿ ಒಬ್ಬರು, ತೀರಿಕೊಂಡರು. ನನ್ನ ಮಿತ್ರರು ನಿಂತಿದ್ದುದು ಈ ಸಾಲಿನಲ್ಲಿಯೇ. ಅವರು ಉಳಿದರೆಂದು ಎಲ್ಲರೂ ಉಳಿಯುತ್ತಾರೆಂದು ಹೇಳಲಾಗದು. ರಕ್ತದ ಬದಲಿ ಕ್ರಮಗಳು ರಕ್ತಕ್ಕೆ ಸರಿಸಮಾನವಲ್ಲ. ನಿರಾಕರಿಸುವವರು ಈ ಸತ್ಯವನ್ನು ಅರಿತೇ ನಿರಾಕರಿಸಬೇಕು; ವೈದ್ಯರೂ ಹೆದರಿಸದೆ, ಮುಚ್ಚಿಡದೆ ತಿಳಿಸಬೇಕು.

ಒಪ್ಪಿಗೆ ಮತ್ತು ಕಾನೂನು

1979ರಲ್ಲಿ ಕೆನಡಾದ ಒಂಟೇರಿಯೋ ಪ್ರಾಂತದಲ್ಲಿ ಅಪಘಾತಕ್ಕೀಡಾಗಿ ಪ್ರಜ್ಞೆ ತಪ್ಪಿದ್ದ ಮಹಿಳೆಯೊಬ್ಬರ ಚೀಲದಲ್ಲಿ, ರಕ್ತ ಕೊಡಕೂಡದೆಂಬ ಚೀಟಿ ದೊರೆಯಿತು. ಅದರಲ್ಲಿ ಸಹಿಯಿತ್ತು, ತಾರೀಖಿರಲಿಲ್ಲ, ಸಾಕ್ಷಿಗಳಿರಲಿಲ್ಲ. ಬ್ಯಾಂಕಿನವನಾದ ನಾನು ಅದನ್ನು ಹಿಂದಿರುಗಿಸುತ್ತಿದ್ದೆನೇನೋ! ವೈದ್ಯರು ರಕ್ತ ಕೊಟ್ಟು ಅವರನ್ನು ಉಳಿಸಿದರು. ಆಕೆ ದಾವೆ ಹೂಡಿದರು; ನ್ಯಾಯಾಲಯ 20,000 ಡಾಲರ್ ಪರಿಹಾರ ವಿಧಿಸಿತು; 1990ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ಸ್ಥಿರವಾಯಿತು. ಸ್ಪೇನಿನಲ್ಲಿ ಮುಂಚಿತವಾಗಿ ಬರೆದಿಟ್ಟ ನಿರಾಕರಣೆಯಿದ್ದರೂ ರಕ್ತ ಕೊಟ್ಟ ಪ್ರಕರಣವೊಂದರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ರೋಗಿಯ ಪರವಾಗಿಯೇ ತೀರ್ಪಿತ್ತಿತು.

ಆದರೆ ನಿರಾಕರಣೆ ನಿಜವಾಗಿಯೂ ರೋಗಿಯದೇ ಆಗಿರಬೇಕು. ತಾಯಿಯ ಪ್ರಭಾವಕ್ಕೆ ಒಳಗಾಗಿ ರಕ್ತ ಬೇಡವೆಂದ ಗರ್ಭಿಣಿಯ ಪ್ರಕರಣದಲ್ಲಿ, ಪರರ ಒತ್ತಡದಿಂದ ಬಂದ ನಿರಾಕರಣೆಗೆ ಬೆಲೆಯಿಲ್ಲವೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1992ರಲ್ಲಿ ಹೇಳಿತು. ಬಂಧುಗಳನ್ನೂ ಪಂಥದ ಹಿರಿಯರನ್ನೂ ಹೊರಗಿರಿಸಿ, ರೋಗಿಯೊಬ್ಬರನ್ನೇ ಕೇಳುವುದು ಇದಕ್ಕಾಗಿಯೇ. ಮಕ್ಕಳ ವಿಷಯ ಬೇರೆ. ತನ್ನ ನಂಬಿಕೆಯನ್ನು ತಾನೇ ಆರಿಸಿಕೊಳ್ಳುವ ವಯಸ್ಸು ಬಾರದ ಮಗುವಿನ ಪ್ರಾಣಕ್ಕೆ ಅಪಾಯವಿದ್ದಾಗ, ತಂದೆತಾಯಿಗಳು ಬೇಡವೆಂದರೂ ರಕ್ತ ಕೊಡಲು ಇಂಗ್ಲೆಂಡ್, ಅಮೆರಿಕಗಳ ನ್ಯಾಯಾಲಯಗಳು ಆದೇಶಿಸುತ್ತ ಬಂದಿವೆ.

ನಮ್ಮ ಸುಪ್ರೀಂ ಕೋರ್ಟು, ಪ್ರಾಣ ಉಳಿಸಲು ತುರ್ತಾಗಿ ಅನಿವಾರ್ಯವಾದ ಸಂದರ್ಭವನ್ನು ಬಿಟ್ಟು, ಪ್ರೌಢ ರೋಗಿಯ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಸಲ್ಲದೆಂದು 2008ರಲ್ಲಿ ತೀರ್ಪಿತ್ತಿದೆ. ಬದುಕಿನ ಕೊನೆಯ ಘಟ್ಟದ ಚಿಕಿತ್ಸೆಯ ಬಗ್ಗೆ ಮುಂಗಡ ನಿರ್ದೇಶನ ಪತ್ರ ಬರೆದಿಡುವ ಹಕ್ಕನ್ನು 2018ರಲ್ಲಿ ಮಾನ್ಯ ಮಾಡಿದೆ. ಇಬ್ಬರು ಸಾಕ್ಷಿಗಳು ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಅದನ್ನು ಮಾಡಬಹುದೆಂದು 2023ರಲ್ಲಿ ಕ್ರಮವನ್ನು ಸರಳಗೊಳಿಸಿದೆ. ರಕ್ತ ಬೇಡವೆಂಬ ಕಾಗದ ಇದಕ್ಕಿಂತ ಭಿನ್ನವಾದರೂ, ರೋಗಿಯ ಮಾತಿಗೆ ಬೆಲೆಯಿರಬೇಕೆಂಬ ತತ್ತ್ವ ಒಂದೇ.

ಎಲ್ಲರಿಗೂ ಸಂದ ಲಾಭ

'ಇದು ಯಾರೋ ಕೆಲವರ ಪ್ರಶ್ನೆ, ನಮಗೇನು?' ಎಂದು ಓದುಗರು ಕೇಳಬಹುದು. ರಕ್ತ ಬಯಸಿದರೂ ದೊರೆಯದ ನಮ್ಮವರಿದ್ದಾರೆ. ಇದೇ ಮುಂಬಯಿಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಗುರುತಿಸಿದ 'ಬಾಂಬೆ' ರಕ್ತದ ಗುಂಪು ಭಾರತದಲ್ಲಿ ಸುಮಾರು 10,000 ಮಂದಿಯಲ್ಲಿ ಒಬ್ಬರಿಗಿದೆ. ಅವರಿಗೆ ಅದೇ ಗುಂಪಿನ ರಕ್ತವಲ್ಲದೆ ಬೇರಾವುದೂ ಹೊಂದದು. ಇನ್ನೂ ಈಚಿನದು ನಮ್ಮ ಕೋಲಾರದ್ದು. ಅಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಬಂದ ಮಹಿಳೆಯೊಬ್ಬರ ರಕ್ತಕ್ಕೆ ಯಾರ ರಕ್ತವೂ ಹೊಂದಲಿಲ್ಲ. ಕುಟುಂಬದ 20 ಮಂದಿಯನ್ನು ಪರೀಕ್ಷಿಸಿದರೂ ವ್ಯರ್ಥವಾಯಿತು. ವೈದ್ಯರು ಎಚ್ಚರದಿಂದ ರಕ್ತಪೂರಣವಿಲ್ಲದೆಯೇ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಿದರು. ಬೆಂಗಳೂರಿನ ರಕ್ತಕೇಂದ್ರದಿಂದ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋದ ಮಾದರಿಯಲ್ಲಿ ಹೊಸ ರಕ್ತಾಂಶವೊಂದು ಪತ್ತೆಯಾಗಿ, ಬೆಂಗಳೂರಿನ ಹೆಸರನ್ನು ಒಳಗೊಂಡ 'ಕ್ರಿಬ್' ಎಂಬ ನಾಮಕರಣ 2025ರ ಜೂನ್‌ನಲ್ಲಿ ಪ್ರಕಟವಾಯಿತು.

ಸಾಮಾನ್ಯ ರೋಗಿಗಳಿಗೂ ಲಾಭವಾಗಿದೆ. ಹಿಮೋಗ್ಲೋಬಿನ್ 10ರ ಕೆಳಗಿಳಿದರೆ ರಕ್ತ ಕೊಡಬೇಕೆಂಬುದು ಹಿಂದಿನ ರೂಢಿ. 838 ಮಂದಿ ತೀವ್ರ ಅಸ್ವಸ್ಥರ ಮೇಲೆ ನಡೆದ ಕೆನಡಾದ ಅಧ್ಯಯನ, 7ರವರೆಗೆ ಕಾದರೂ ಕೇಡಿಲ್ಲವೆಂದು 1999ರಲ್ಲಿ ತೋರಿಸಿತು. ಪಶ್ಚಿಮ ಆಸ್ಟ್ರೇಲಿಯಾದ ನಾಲ್ಕು ದೊಡ್ಡ ಆಸ್ಪತ್ರೆಗಳು ಇಂಥ ಕ್ರಮಗಳನ್ನು ಎಲ್ಲ ರೋಗಿಗಳಿಗೂ ಅನ್ವಯಿಸಿದಾಗ, 6,05,046 ರೋಗಿಗಳ ಲೆಕ್ಕದಲ್ಲಿ ರಕ್ತದ ಬಳಕೆ ಶೇಕಡಾ 41ರಷ್ಟು ಇಳಿಯಿತು, ಸಾವಿನ ಪ್ರಮಾಣವೂ ತಗ್ಗಿತೆಂದು 2017ರಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಎಲ್ಲ ದೇಶಗಳಿಗೂ ಸಲಹೆ ಮಾಡಿದೆ.

ಆದುದರಿಂದ ನಾವೆಲ್ಲರೂ ಮಾಡಬಹುದಾದ ಕೆಲಸಗಳಿವೆ. ಮನೆಯ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪರೀಕ್ಷಿಸಿಕೊಂಡು ಕೊರತೆಯಿದ್ದರೆ ಚಿಕಿತ್ಸೆ ಕೊಡಿಸಿ. ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗಬೇಡಿ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದಾಗ, ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ನಿಮ್ಮ ನೆರೆಯಲ್ಲಿ ರಕ್ತ ಒಲ್ಲದವರಿದ್ದರೆ, ಅವರ ಚಿಕಿತ್ಸೆಗೆ ಒಪ್ಪುವ ಆಸ್ಪತ್ರೆ ಯಾವುದೆಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಡುವಂತೆ ಹೇಳಿ. ಮಧ್ಯರಾತ್ರಿಯಲ್ಲಿ ಆ ವಿಚಾರಣೆಗೆ ಹೊತ್ತಿರುವುದಿಲ್ಲ.

ಇದನ್ನೆಲ್ಲ ಓದಿ ಯಾರೂ ರಕ್ತದಾನದಿಂದ ಹಿಂದೆ ಸರಿಯಬಾರದೆಂದು ಪ್ರಾರ್ಥನೆ. ಅಪಘಾತಕ್ಕೀಡಾದವರಿಗೆ, ಥಲಸ್ಸೀಮಿಯಾ ಇರುವ ಮಕ್ಕಳಿಗೆ ರಕ್ತದ ಸ್ಥಾನವನ್ನು ಬೇರಾವುದೂ ತುಂಬಲಾರದು. ಸಂಘದ ರಕ್ತದಾನ ಶಿಬಿರದಲ್ಲಿ ನಾನು ಹಿಂದಿನಂತೆಯೇ ಸಾಲಿನಲ್ಲಿ ನಿಲ್ಲುತ್ತೇನೆ.

ಮಿತ್ರರು ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ಹೊಸ ಕಾಗದವನ್ನು ತಂದು ಮೇಜಿನ ಮೇಲಿಟ್ಟರು. ಈ ಸಲ ಅದರಲ್ಲಿ ಬೇಡವೆಂಬುದರ ಜೊತೆಗೆ ಬೇಕೆಂಬುದರ ಪಟ್ಟಿಯೂ ಇತ್ತು: ಆಲ್ಬುಮಿನ್ ಆಗಬಹುದು, ಎರಿಥ್ರೋಪೊಯೆಟಿನ್ ಆಗಬಹುದು, ಸೆಲ್ ಸೇವರ್ ಆಗಬಹುದು, ಕರೆಯಬೇಕಾದ ವೈದ್ಯರ ಹೆಸರು, ಆಸ್ಪತ್ರೆಯ ದೂರವಾಣಿ ಸಂಖ್ಯೆ. ಅವರ ನಂಬಿಕೆ ನನ್ನದಲ್ಲ. ನಾಳೆ ನನಗೇ ಅಂಥ ಸ್ಥಿತಿ ಬಂದರೆ ರಕ್ತ ಕೊಡಿರೆಂದೇ ಹೇಳುವೆನು. ಆದರೂ ಈ ಸಲ ಪ್ರತಿಯೊಂದು ಸಾಲನ್ನೂ ಓದಿ, ತಾರೀಖನ್ನು ಸರಿಯಾಗಿ ಬರೆದು, ಸಹಿ ಹಾಕಿದೆನು.